ಓಮ್, ಓಮ್-ಮೀಟರ್ ಮತ್ತು ಕೊಳವೆಬಾವಿಯ ಪಾಯಿಂಟ್

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ತಾಲ್ಲೂಕುಗಳ ನೆಲದಡಿ ಬಹುಪಾಲು ನೈಸ್ ಮತ್ತು ಗ್ರಾನೈಟ್ ಶಿಲೆಗಳೇ ಇರುವುದರಿಂದ, ಅಂತರ್ಜಲವು ಮೇಲಿನ ಶಿಥಿಲ ಪದರದಲ್ಲಿ ಇಲ್ಲವೇ ಕಗ್ಗಲ್ಲಿನ ಬಿರುಕುಗಳಲ್ಲಿ ಮಾತ್ರ ನಿಲ್ಲುತ್ತದೆ. ಇಂಥ ನೆಲದಲ್ಲಿ ಕೊಳವೆಬಾವಿಗೆ ಪಾಯಿಂಟ್ ಗುರುತಿಸಲು ಭೂಮಿಗೆ ವಿದ್ಯುತ್ ಹರಿಸಿ ಅಳೆಯುವ ವಿಧಾನವೊಂದಿದ್ದು, ಅದರ ಏಕಮಾನಗಳನ್ನು ತಪ್ಪಾಗಿ ತಿಳಿದರೆ ಸಾಲ ಮಾಡಿ ಕೊರೆಸಿದ ಬಾವಿ ಬರಿದಾಗಬಹುದು.

ಉಪಕರಣ ತೋರಿಸುವ ಓಮ್ ಸಂಖ್ಯೆಯೇ ನೆಲದ ಗುಣವೆಂದೂ, ಅದನ್ನು ಒಂದು ನಿಶ್ಚಿತ ಸಂಖ್ಯೆಯಿಂದ ಗುಣಿಸಿದರೆ ಓಮ್-ಮೀಟರ್ ದೊರೆಯುತ್ತದೆಂದೂ ಹಲವರು ನಂಬುತ್ತಾರೆ. ವಾಸ್ತವದಲ್ಲಿ ಓಮ್ ಎಂಬುದು ರೋಧದ, ಅಂದರೆ ಒಂದು ನಿರ್ದಿಷ್ಟ ವಸ್ತು ವಿದ್ಯುತ್ ಹರಿವಿಗೆ ಒಡ್ಡುವ ತಡೆಯ ಅಳತೆ. ಓಮ್-ಮೀಟರ್ ಎಂಬುದು ರೋಧಶೀಲತೆಯ, ಅಂದರೆ ಗಾತ್ರ ಆಕಾರಗಳನ್ನು ಅವಲಂಬಿಸದ ದ್ರವ್ಯಗುಣದ ಅಳತೆ. ನಾಲ್ಕು ಸರಳುಗಳನ್ನು ಸಮಾನ ಅಂತರದಲ್ಲಿ ನೆಡುವ ವೆನ್ನರ್ ವಿಧಾನದಲ್ಲಿ, ಅಳೆದ ರೋಧವನ್ನು ಸರಳುಗಳ ನಡುವಣ ಅಂತರದಿಂದಲೂ 2π ಯಿಂದಲೂ ಗುಣಿಸಬೇಕು. ಹೀಗಾಗಿ ಉಪಕರಣ ಎರಡು ಕಡೆಯೂ 2 ಓಮ್ ತೋರಿಸಿದರೂ, ಅಂತರ 10 ಮೀಟರ್ ಇದ್ದಲ್ಲಿ ಸುಮಾರು 126 ಓಮ್-ಮೀಟರ್, 40 ಮೀಟರ್ ಇದ್ದಲ್ಲಿ ಸುಮಾರು 503 ಓಮ್-ಮೀಟರ್ ಬರುತ್ತದೆ. ಅಂತರವನ್ನು ನಮೂದಿಸದ ಓಮ್ ಸಂಖ್ಯೆಯಿಂದ ರೈತನಿಗೆ ಯಾವ ಪ್ರಯೋಜನವೂ ಇಲ್ಲ.

ಸೆಂಟಿಮೀಟರ್ ಚಿಕ್ಕದಾದುದರಿಂದ ಓಮ್-ಸೆಂಟಿಮೀಟರಿನ ಸಂಖ್ಯೆಯೂ ಚಿಕ್ಕದಾಗಿರಬೇಕೆಂಬುದು ಇನ್ನೊಂದು ತಪ್ಪು ಕಲ್ಪನೆ. ಒಂದು ಮೀಟರ್ ಘನವನ್ನು ಒಂದು ಸೆಂಟಿಮೀಟರ್ ಘನಕ್ಕೆ ಇಳಿಸಿದಾಗ ವಿದ್ಯುತ್ ಸಾಗುವ ದಾರಿ ನೂರರಲ್ಲೊಂದು ಪಾಲಾದರೂ, ಅದು ಹಾಯುವ ಅಡ್ಡಕೊಯ್ತ ಹತ್ತು ಸಾವಿರದಲ್ಲೊಂದು ಪಾಲಾಗುವುದರಿಂದ, ರೋಧ ನೂರು ಪಟ್ಟು ಏರುತ್ತದೆ; ಆದ್ದರಿಂದ 1 ಓಮ್-ಮೀಟರ್ ಎಂದರೆ 100 ಓಮ್-ಸೆಂಟಿಮೀಟರ್.

ಪಂಪ್ ಮೋಟಾರಿನ ಅವಾಹಕ ಹೊದಿಕೆಯನ್ನು ಅಳೆಯುವ ಮೆಗಾಓಮ್ 10 ಲಕ್ಷ ಓಮ್‌ಗಳಿಗೆ ಸಮ, ಮಿಲಿಓಮ್ ಓಮಿನ ಸಾವಿರದಲ್ಲೊಂದು ಭಾಗ. ಇವೆರಡರ ಸಂಕೇತಗಳಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳು ಅದಲುಬದಲಾದರೆ ಲೆಕ್ಕ 100 ಕೋಟಿ ಪಟ್ಟು ತಪ್ಪುತ್ತದೆ.

ಎಲ್ಲಕ್ಕಿಂತ ನಷ್ಟಕರವಾದ ನಂಬಿಕೆಯೆಂದರೆ, ಓಮ್-ಮೀಟರ್ ಕಡಿಮೆಯಿದ್ದಲ್ಲಿ ನೀರು ಖಚಿತವೆಂಬುದು. ನೀರು ತುಂಬಿದ ಶಿಥಿಲಶಿಲೆಯ ರೋಧಶೀಲತೆ ಗಟ್ಟಿ ಗ್ರಾನೈಟಿನದಕ್ಕಿಂತ ಬಹಳ ಕಡಿಮೆಯೆಂಬುದು ನಿಜವಾದರೂ, ನೀರನ್ನು ಹಿಡಿದಿಟ್ಟುಕೊಂಡು ಬಾವಿಗೆ ಬಿಟ್ಟುಕೊಡದ ಜೇಡಿಯೂ ಅಷ್ಟೇ ಕಡಿಮೆ ತೋರಿಸಬಲ್ಲದು. ಲವಣ ಹೆಚ್ಚಿದ ನೀರು ಸಂಖ್ಯೆಯನ್ನು ಇನ್ನೂ ತಗ್ಗಿಸುತ್ತದೆ. ಕೆರೆಯಂಗಳದ ಜೇಡಿಯನ್ನೂ ನೀರಿರುವ ಶಿಥಿಲ ಪದರವನ್ನೂ ಒಂದೇ ಅಳತೆಯಿಂದ ಬೇರ್ಪಡಿಸಲಾಗದ ಕಾರಣ, ಸರಳುಗಳ ಅಂತರವನ್ನು ಹಂತಹಂತವಾಗಿ ಹೆಚ್ಚಿಸುತ್ತ ಪಡೆದ ಹಲವು ಅಳತೆಗಳನ್ನು, ಅದೇ ಊರಿನಲ್ಲಿ ಹಿಂದೆ ಕೊರೆದ ಬಾವಿಗಳಿಂದ ಹೊರಬಂದ ಮಣ್ಣು ಕಲ್ಲುಗಳ ವಿವರದೊಂದಿಗೆ ಹೋಲಿಸಿ ನೋಡಬೇಕಾಗುತ್ತದೆ.