ಚುಕ್ಕೆ ನಾಯಿಯ ಬಟ್ಟಲಿಗೆ ಬೂತಾಯಿ ಬೇಡ

ಪುತ್ತೂರು, ಸುಳ್ಯ, ಕಡಬದ ಕಡೆ ಮನೆಯ ನಾಯಿಗೆಂದು ಬೇರೆ ಅಡುಗೆ ಮಾಡುವ ಕ್ರಮವಿಲ್ಲ. ಕುಚ್ಚಲಕ್ಕಿ ಗಂಜಿ, ಅದರ ಮೇಲೆ ಬೂತಾಯಿ ಮೀನಿನ ತಲೆ-ಬಾಲ. ಆದಿತ್ಯವಾರವಾದರೆ ಕೋಳಿ ಅಂಗಡಿಯವರು ಬದಿಗಿಟ್ಟ ಲಿವರು, ಕಾಲು. ಸಸ್ಯಾಹಾರಿ ಮನೆಗಳಲ್ಲಿ ಮಜ್ಜಿಗೆ ಅನ್ನ, ಉಳಿದ ದೋಸೆ. ಊರ ನಾಯಿ ಇದನ್ನೇ ತಿಂದು ಹತ್ತು ಹನ್ನೆರಡು ವರ್ಷ ಅಂಗಳ ಕಾಯುತ್ತದೆ. ಆದರೆ ಯಾರೋ ಸಾಕಿ ಕೈಬಿಟ್ಟ ಡಾಲ್ಮೇಷಿಯನ್ ಒಂದನ್ನು ಕನಿಕರದಿಂದ ಮನೆಗೆ ತಂದು ಇದೇ ಮೀನು, ಲಿವರಿನ ಬಟ್ಟಲನ್ನು ಅದರ ಮುಂದಿಟ್ಟರೆ, ನಾವು ತಿಳಿಯದೆ ಅದರ ಮೂತ್ರಕೋಶದಲ್ಲಿ ಕಲ್ಲು ಬೆಳೆಸುತ್ತಿರುತ್ತೇವೆ.

‘ಯೂರಿಕ್ ಆಸಿಡ್ ಜಾಸ್ತಿ ಇದೆ, ಬೂತಾಯಿ ಬಿಡಿ’ ಎಂದು ಡಾಕ್ಟರರಿಂದ ಹೇಳಿಸಿಕೊಂಡ ಹಿರಿಯರು ಕರಾವಳಿಯ ಅನೇಕ ಮನೆಗಳಲ್ಲಿದ್ದಾರೆ. ನಾಯಿಯ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ. ಎಲ್ಲ ಜೀವಕೋಶಗಳಲ್ಲೂ ಪ್ಯೂರಿನ್ ಎಂಬ ವಸ್ತುವಿದೆ. ಲಿವರು, ಕಿಡ್ನಿ, ಬೂತಾಯಿ, ಕೊಲ್ಲತರು ಮೀನುಗಳಲ್ಲಿ ಅದು ಹೆಚ್ಚು. ಪ್ಯೂರಿನ್ ಒಡೆದಾಗ ಯೂರಿಕ್ ಆಮ್ಲವಾಗುತ್ತದೆ. ಇದು ನೀರಿನಲ್ಲಿ ಸುಲಭವಾಗಿ ಕರಗುವುದಿಲ್ಲ. ಹೆಚ್ಚಿನ ಸಸ್ತನಿಗಳ ಯಕೃತ್ತಿನಲ್ಲಿ ಯೂರಿಕೇಸ್ ಎಂಬ ಕಿಣ್ವವಿದ್ದು, ಅದು ಈ ಆಮ್ಲವನ್ನು ಚೆನ್ನಾಗಿ ಕರಗುವ ಅಲಾಂಟೊಯಿನ್ ಆಗಿ ಬದಲಿಸುತ್ತದೆ. ಮನುಷ್ಯರ ಪೂರ್ವಜರಲ್ಲಿ ಆ ಕಿಣ್ವದ ಜೀನ್ ಲಕ್ಷಾಂತರ ವರ್ಷಗಳ ಹಿಂದೆಯೇ ಕೆಟ್ಟುಹೋಯಿತು. ಡಾಲ್ಮೇಷಿಯನ್‌ನ ಯಕೃತ್ತಿನಲ್ಲಿ ಕಿಣ್ವವೇನೋ ಸರಿಯಾಗಿಯೇ ಇದೆ. ಯೂರಿಕ್ ಆಮ್ಲ ಕೋಶದ ಒಳಗೆ ಹೋಗಬೇಕಾದ ಬಾಗಿಲು ಮಾತ್ರ ಕೆಟ್ಟಿದೆ. ಮೂತ್ರಪಿಂಡದಲ್ಲೂ ಅದೇ ಬಾಗಿಲು ಕೆಟ್ಟಿರುವುದರಿಂದ ಆಮ್ಲವನ್ನು ರಕ್ತಕ್ಕೆ ಮರಳಿ ಹೀರಿಕೊಳ್ಳಲಾಗದೆ ಎಲ್ಲವೂ ಮೂತ್ರಕ್ಕೆ ಸೋರುತ್ತದೆ. ನಮ್ಮ ಹಿರಿಯರಂತೆ ಈ ನಾಯಿಗೆ ಹೆಬ್ಬೆರಳ ಗಂಟು ಊದದೆ, ಮೂತ್ರದಲ್ಲಿ ಕಲ್ಲಾಗುವುದು ಇದೇ ಕಾರಣಕ್ಕೆ. ಬೇರೆ ನಾಯಿಗಳು ದಿನಕ್ಕೆ ಕೆಲವು ಹತ್ತು ಮಿಲಿಗ್ರಾಂ ಯೂರಿಕ್ ಆಮ್ಲ ಹೊರಹಾಕಿದರೆ ಡಾಲ್ಮೇಷಿಯನ್ ಹೊರಹಾಕುವುದು 400ರಿಂದ 600 ಮಿಲಿಗ್ರಾಂ.

2008ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಡ್ಯಾನಿಕಾ ಬನಾಷ್ ಮತ್ತು ಸಂಗಡಿಗರು ಕೆಟ್ಟ ಜೀನ್ ಯಾವುದೆಂದು ಗುರುತಿಸಿದರು: ಎಸ್‌ಎಲ್‌ಸಿ2ಎ9. ಶುದ್ಧ ತಳಿಯ ಡಾಲ್ಮೇಷಿಯನ್‌ಗಳಲ್ಲಿ ಈ ಜೀನಿನ ಎರಡೂ ಪ್ರತಿಗಳು ಕೆಟ್ಟಿರುತ್ತವೆ. ಆದರೆ ಪರಿಹಾರ ಅದಕ್ಕೆ ಮೊದಲೇ ಸಿಕ್ಕಿತ್ತು. 1973ರಲ್ಲಿ ಅಮೆರಿಕದ ರಾಬರ್ಟ್ ಶೈಬಲ್ ಎಂಬ ವಿಜ್ಞಾನಿ ಡಾಲ್ಮೇಷಿಯನ್ ಒಂದನ್ನು ಪಾಯಿಂಟರ್ ನಾಯಿಯೊಡನೆ ಕೂಡಿಸಿ, ಹುಟ್ಟಿದ ಮರಿಗಳನ್ನು ತಲೆಮಾರಿನಿಂದ ತಲೆಮಾರಿಗೆ ಮತ್ತೆ ಡಾಲ್ಮೇಷಿಯನ್‌ಗಳೊಡನೆಯೇ ಕೂಡಿಸುತ್ತ ಹೋದರು. ಚುಕ್ಕೆ ಉಳಿಯಿತು, ಕಲ್ಲಿನ ಕಾಟ ಹೋಯಿತು. ಆದರೂ ‘ರಕ್ತ ಶುದ್ಧವಲ್ಲ’ ಎಂಬ ತಕರಾರಿನಿಂದ ಅಮೆರಿಕನ್ ಕೆನಲ್ ಕ್ಲಬ್ ಈ ವಂಶವನ್ನು ಪೂರ್ತಿ ಒಪ್ಪಿದ್ದು 2011ರಲ್ಲಿ. ನಾಯಿಗೆ ಮೂತ್ರ ಕಟ್ಟಿದರೂ ಚಿಂತೆಯಿಲ್ಲ, ವಂಶಾವಳಿ ಕೆಡಬಾರದು ಎನ್ನುವ ಬುದ್ಧಿ ಮನುಷ್ಯರಿಗೆ ಮಾತ್ರ ಬರಲು ಸಾಧ್ಯ. ನಿಮ್ಮ ಕೈಗೆ ಬರುವ ಅನಾಥ ಡಾಲ್ಮೇಷಿಯನ್ ಈ ಹೊಸ ವಂಶದ್ದಲ್ಲ ಎಂದೇ ಎಣಿಸಿ ನಡೆಯುವುದು ಒಳ್ಳೆಯದು.

ಹಾಗಾದರೆ ಏನು ಹಾಕುವುದು? ಇಲ್ಲಿ ಮಜ್ಜಿಗೆ ಅನ್ನದ ಮನೆಯವರೇ ಮುಂದಿದ್ದಾರೆ. ಅನ್ನ, ಮೊಸರು, ಪನೀರ್, ಮೊಟ್ಟೆ ಇವುಗಳಲ್ಲಿ ಪ್ಯೂರಿನ್ ತೀರ ಕಡಿಮೆ. ಬರೀ ಅನ್ನ ಸಾಲದು, ನಾಯಿಗೆ ಪ್ರೋಟೀನ್ ಬೇಕೇ ಬೇಕು. ಅದು ಮೊಟ್ಟೆಯಿಂದ ಬರಲಿ. ಕೋಳಿ ಮಾಂಸ ಮಿತಿಯಲ್ಲಿ, ಬೇಯಿಸಿದ ನೀರನ್ನು ಚೆಲ್ಲಿ ಕೊಡಿ. ಪ್ಯೂರಿನ್ ಆ ನೀರಿಗೆ ಇಳಿದಿರುತ್ತದೆ. ರುಚಿಯೆಂದು ಅದನ್ನೇ ಅನ್ನಕ್ಕೆ ಸುರಿದರೆ ಮಾಡಿದ ಕೆಲಸ ವ್ಯರ್ಥ. ಉಪ್ಪು ಹಾಕದ ಗಂಜಿತಿಳಿ ಈ ನಾಯಿಗೆ ಹೇಳಿ ಮಾಡಿಸಿದ್ದು, ಏಕೆಂದರೆ ಮುಖ್ಯ ಮದ್ದು ನೀರು. ಮೂತ್ರ ತಿಳಿಯಾಗಿದ್ದಷ್ಟೂ ಹರಳು ಕಟ್ಟುವುದು ಕಡಿಮೆ.

ಮಳೆಗಾಲದಲ್ಲಿ ಇನ್ನೊಂದು ತೊಡಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಮಳೆ ಹೊಯ್ಯುವ ಪರಿ ಗೊತ್ತೇ ಇದೆ. ತೆಳ್ಳಗಿನ ರೋಮದ ಈ ನಾಯಿ ಒದ್ದೆಯಾಗಲು ಒಪ್ಪದೆ ಜಗಲಿಯಲ್ಲೇ ಮುದುಡಿ, ಗಂಟೆಗಟ್ಟಲೆ ಮೂತ್ರ ಕಟ್ಟಿಕೊಂಡು ಕೂರುತ್ತದೆ. ಕಲ್ಲಿಗೆ ಬೇಕಾದದ್ದೂ ಅದೇ. ಅಡಿಕೆ ಅಂಗಳದ ಅಂಚಿನಲ್ಲಿ ಒಂದು ಟಾರ್ಪಾಲು ಕಟ್ಟಿ, ಹಗಲು ಮೂರು ನಾಲ್ಕು ಗಂಟೆಗೊಮ್ಮೆ ಅಲ್ಲಿಗೆ ಕರೆದೊಯ್ಯಿರಿ. ಗಂಡು ನಾಯಿಯ ಮೂತ್ರನಾಳ ಶಿಶ್ನದೊಳಗಿನ ಎಲುಬಿನ ಬಳಿ ಕಿರಿದಾಗುವುದರಿಂದ ಕಲ್ಲು ಸಿಕ್ಕಿಕೊಳ್ಳುವುದು ಅಲ್ಲೇ. ಕಾಲೆತ್ತಿ ನಿಂತು ಹನಿ ಹನಿಯಾಗಿ ಹೊಯ್ದರೆ, ಕೆಂಪಗೆ ಬಂದರೆ, ಏನೂ ಬಾರದಿದ್ದರೆ ಅದೇ ದಿನ ಪಶುವೈದ್ಯರಲ್ಲಿಗೆ ಓಡಬೇಕು. ಕಟ್ಟಿದ ಮೂತ್ರ ಎರಡು ಮೂರು ದಿನಗಳಲ್ಲಿ ಪ್ರಾಣ ತೆಗೆಯುತ್ತದೆ. ಚಿಕಿತ್ಸೆಗೆ ಸುಬ್ರಹ್ಮಣ್ಯದಿಂದ ಮಂಗಳೂರಿಗೆ ಹೋಗಬೇಕಾದರೆ ಸುಮಾರು ನೂರು ಕಿಲೋಮೀಟರು ಎಂಬುದೂ ನೆನಪಿರಲಿ. ಹೆಬ್ಬೆರಳ ಗಂಟು ಊದುವ ಗೌಟ್ ಇರುವವರು ನುಂಗುವ ಅಲೋಪ್ಯೂರಿನಾಲ್ ಗುಳಿಗೆಯನ್ನು ಇವಕ್ಕೂ ಕೊಡುವುದುಂಟು. ಅಜ್ಜನ ಡಬ್ಬಿಯಿಂದ ತೆಗೆದು ಹಾಕಬೇಡಿ: ಪಥ್ಯವಿಲ್ಲದೆ ಕೊಟ್ಟರೆ ಜ್ಯಾಂಥೀನ್ ಎಂಬ ಇನ್ನೊಂದು ಬಗೆಯ ಕಲ್ಲು ಹುಟ್ಟುತ್ತದೆ.

ಇನ್ನು ಕಿವಿ. ಡಾಲ್ಮೇಷಿಯನ್ ಮರಿ ಹುಟ್ಟುವಾಗ ಸಾಮಾನ್ಯವಾಗಿ ಅಚ್ಚ ಬಿಳಿ. ಎರಡು ವಾರ ಕಳೆದ ಮೇಲೆ ಚುಕ್ಕೆ ಮೂಡತೊಡಗುತ್ತದೆ. ಆ ಬಿಳುಪಿನ ಅರ್ಥ, ಬಣ್ಣ ತಯಾರಿಸುವ ಕೋಶಗಳು ಚರ್ಮಕ್ಕೆ ಸರಿಯಾಗಿ ಹಬ್ಬಿಲ್ಲ ಎಂದು. ಅದೇ ಕೋಶಗಳು ಒಳಕಿವಿಯಲ್ಲೂ ಇರಬೇಕು. ಇಲ್ಲದಿದ್ದರೆ ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದ ಗ್ರಹಿಸುವ ಕೋಶಗಳು ಸಾಯುತ್ತವೆ. ಅಮೆರಿಕದಲ್ಲಿ ಪರೀಕ್ಷೆಗೆ ಒಳಗಾದ ಸಾವಿರಾರು ಡಾಲ್ಮೇಷಿಯನ್‌ಗಳಲ್ಲಿ ಸುಮಾರು ಶೇ. 8 ಎರಡೂ ಕಿವಿಗೆ, ಶೇ. 22 ಒಂದು ಕಿವಿಗೆ ಕಿವುಡು. ಹುಟ್ಟುವಾಗಲೇ ತೇಪೆಯಂಥ ಕಪ್ಪು ಕಲೆಯಿರುವ ಮರಿಗಳಲ್ಲಿ ಕಿವುಡು ಕಡಿಮೆ. ನಾಯಿ ಪ್ರದರ್ಶನದ ನಿಯಮದ ಪ್ರಕಾರ ಆ ಕಲೆಯೇ ದೋಷ!

ಕರೆದರೆ ಬಾರದ ನಾಯಿಯನ್ನು ಸೊಕ್ಕಿನದೆಂದು ಬಯ್ದು ಬಿಟ್ಟುಬಿಡುವವರಿದ್ದಾರೆ. ಮಲಗಿದ್ದಾಗ ಹಿಂದಿನಿಂದ, ಗಾಳಿ ತಾಗದಂತೆ ದೂರದಲ್ಲಿ ಚಪ್ಪಾಳೆ ತಟ್ಟಿ ನೋಡಿ. ಕಿವುಡಾದರೂ ಅದು ಕೈಸನ್ನೆ ಬೇಗ ಕಲಿಯುತ್ತದೆ, ರಾತ್ರಿ ಟಾರ್ಚ್ ಮಿನುಗಿಸಿದರೆ ಓಡಿ ಬರುತ್ತದೆ. ಮಲಗಿದ್ದನ್ನು ದಿಢೀರನೆ ಮುಟ್ಟಬೇಡಿ, ಬೆಚ್ಚಿ ಕಚ್ಚೀತು. ಕಾಡಂಚಿನ ಮನೆಯಾದರೆ ರಾತ್ರಿ ಒಳಗೇ ಮಲಗಲಿ: ನಾಯಿ ಹಿಡಿಯುವ ಚಿರತೆ ಬಂದಾಗ ಬೊಗಳಿ ಓಡಲು ಅದಕ್ಕೆ ಕೇಳಿಸುವುದಾದರೂ ಬೇಕಲ್ಲ.

ಸಾರೋಟಿನ ಕುದುರೆಗಳ ಜತೆ ಮೈಲುಗಟ್ಟಲೆ ಓಡಲೆಂದೇ ಬೆಳೆಸಿದ ತಳಿಯಿದು. ಅಮೆರಿಕದ ಡಾಲ್ಮೇಷಿಯನ್ ಕ್ಲಬ್ ಇಂದಿಗೂ ನಡೆಸುವ ರಸ್ತೆ ಪರೀಕ್ಷೆಯಲ್ಲಿ ಇವು ಕುದುರೆಯ ಹಿಂದೆ 25 ಮೈಲು, ಅಂದರೆ 40 ಕಿಲೋಮೀಟರು ಓಡುತ್ತವೆ. ಹಗಲೆಲ್ಲ ಸಂಕೋಲೆ, ರಾತ್ರಿ ಬಿಡುಗಡೆ ಎಂಬ ನಮ್ಮ ಪದ್ಧತಿ ಇದಕ್ಕೆ ಹಿಡಿಸದು. ಮಣ್ಣು ಅಗೆಯುತ್ತದೆ, ಚಪ್ಪಲಿ ಹರಿಯುತ್ತದೆ, ಊಳಿಡುತ್ತದೆ. 1985ರಲ್ಲಿ ಡಿಸ್ನಿಯ ಡಾಲ್ಮೇಷಿಯನ್ ಚಿತ್ರ ಮರುಬಿಡುಗಡೆಯಾದ ಮೇಲೆ ಎಂಟು ವರ್ಷಗಳಲ್ಲಿ ಅಮೆರಿಕದಲ್ಲಿ ಈ ತಳಿಯ ನೋಂದಣಿ ಸುಮಾರು ಐದು ಪಟ್ಟಾಯಿತು, ಆಮೇಲೆ ಅಷ್ಟೇ ವೇಗದಲ್ಲಿ ಕುಸಿಯಿತು. ಮರಿ ಮುದ್ದಾಗಿತ್ತು, ವರ್ಷ ತುಂಬುವಾಗ 25 ಕಿಲೋ ತೂಗುವ ಓಟಗಾರನನ್ನು ಸಾಕಲು ಮನೆಯವರಿಗೆ ಕೈಲಾಗಲಿಲ್ಲ.

ಬಿಸಿಲೇರುವ ಮುನ್ನ ಒಮ್ಮೆ, ಸಂಜೆ ಒಮ್ಮೆ, ಹಗ್ಗ ಹಿಡಿದೇ ಓಡಿಸಿ. ತೋಟದೊಳಗೆ ಬಿಡುವ ಮುಂಚೆ ಕೊಕ್ಕೋ ನೋಡಿಕೊಳ್ಳಿ. 1986ರಲ್ಲಿ ಪುತ್ತೂರಿನ ಕ್ಯಾಂಪ್ಕೋ ಚಾಕೊಲೇಟ್ ಕಾರ್ಖಾನೆ ಶುರುವಾದ ಮೇಲೆ ಇಲ್ಲಿನ ಅಡಿಕೆ ತೋಟಗಳಲ್ಲಿ ಕೊಕ್ಕೋ ಪರಿಚಿತ ಬೆಳೆ. ಸುಲಿದಿಟ್ಟ ಬೀಜದ ಸಿಹಿ ಲೋಳೆಗೆ ನಾಯಿ ಬಾಯಿ ಹಾಕುತ್ತದೆ. ಬೀಜದಲ್ಲಿರುವ ಥಿಯೋಬ್ರೋಮಿನ್ ಯಾವ ನಾಯಿಗಾದರೂ ವಿಷ. ಕಣಿಯ ನೀರಿನಲ್ಲಿ ಇಲಿಜ್ವರವಿರುತ್ತದೆ, ಅದರ ಲಸಿಕೆ ತಪ್ಪಿಸಬೇಡಿ. ಬಿಳಿ ಮೈಯಲ್ಲಿ ಉಣುಗು ಎದ್ದು ಕಾಣುವುದೊಂದು ಅನುಕೂಲ.

ನಾಯಿಯನ್ನು ತರುವ ದಿನವೇ ಮೂತ್ರ ಪರೀಕ್ಷೆ ಮಾಡಿಸಿ. ನೀವು ಮದುವೆಗೆ ಹೋದಾಗ ಅದಕ್ಕೆ ಅನ್ನ ಹಾಕುವ ನೆರೆಮನೆಯವರಿಗೂ ಪಥ್ಯ ತಿಳಿಸಿಡಿ. ಇಷ್ಟಕ್ಕೆಲ್ಲ ಮನೆಯಲ್ಲಿ ಎಲ್ಲರ ಒಪ್ಪಿಗೆ ಸಿಗದಿದ್ದರೆ ಡಾಲ್ಮೇಷಿಯನ್ನಿನ ಆಸೆ ಬಿಟ್ಟು ಊರ ನಾಯಿಮರಿಯೊಂದನ್ನು ತನ್ನಿ. ಮನೆ ಬೇಕಾದ ಮರಿಗಳು ನಮ್ಮ ಪೇಟೆಗಳಲ್ಲಿ ಧಾರಾಳವಾಗಿವೆ.