ಆಡಂ ಗುಡ್ಸ್ ಮೈದಾನ ತೊರೆದದ್ದೇಕೆ?

ಮೆಲ್ಬರ್ನ್, ಸಿಡ್ನಿ ಮೈದಾನಗಳೆಂದರೆ ನಮಗೆ ನೆನಪಾಗುವುದು ಕ್ರಿಕೆಟ್. ಆದರೆ ಚಳಿಗಾಲ ಬಂತೆಂದರೆ ಅಲ್ಲಿ ಬೇರೆಯೇ ಆಟ: ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಕ್ರಿಕೆಟಿಗರ ಮೈ ಚಳಿಗಾಲದಲ್ಲಿ ಜಡ್ಡುಗಟ್ಟದಿರಲಿ ಎಂಬ ಆಲೋಚನೆಯಿಂದ ಹುಟ್ಟಿದ ಈ ಆಟಕ್ಕೆ 1859ರಲ್ಲಿ ಮೆಲ್ಬರ್ನಿನಲ್ಲಿ ನಿಯಮ ಬರೆದರು. ತಂಡಕ್ಕೆ 18 ಮಂದಿ, ಮೊಟ್ಟೆಯಾಕಾರದ ಚೆಂಡು. ಹಿಡಿದು ಓಡಬಹುದು, ಒದೆಯಬಹುದು, ಮುಷ್ಟಿಯಿಂದ ಗುದ್ದಿ ದಾಟಿಸಬಹುದು, ಎಸೆಯುವಂತಿಲ್ಲ. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ.

ಈ ಆಟದ ದೊಡ್ಡ ಹೆಸರುಗಳಲ್ಲೊಂದು ಆಡಂ ಗುಡ್ಸ್. 1980ರಲ್ಲಿ ದಕ್ಷಿಣ ಆಸ್ಟ್ರೇಲಿಯದಲ್ಲಿ ಹುಟ್ಟಿದ ಮೂಲನಿವಾಸಿ. ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರವೇ ಹೆತ್ತವರಿಂದ ಕಿತ್ತುಕೊಂಡು ಹೋಗುತ್ತಿದ್ದ ಕಾಲವೊಂದಿತ್ತು. ಹಾಗೆ ಕಿತ್ತುಕೊಂಡ ಮಕ್ಕಳಲ್ಲಿ ಗುಡ್ಸ್‌ರ ತಾಯಿಯೂ ಒಬ್ಬರು. 1999ರಿಂದ 2015ರವರೆಗೆ ಸಿಡ್ನಿ ಸ್ವಾನ್ಸ್ ತಂಡಕ್ಕೆ ಅವರು 372 ಪಂದ್ಯ ಆಡಿದರು. 2005ರಲ್ಲಿ ಆ ತಂಡ 72 ವರ್ಷಗಳ ಬರ ನೀಗಿಸಿ ಪ್ರಶಸ್ತಿ ಗೆದ್ದಾಗ ತಂಡದಲ್ಲಿದ್ದರು. 2012ರ ಫೈನಲ್‌ನಲ್ಲಿ ಮೊಣಕಾಲಿನ ಅಸ್ಥಿರಜ್ಜು ಹರಿದರೂ ಆಡಿ ಗೆಲ್ಲಿಸಿದರು. ಅತ್ಯುತ್ತಮವಾಗಿ, ನ್ಯಾಯವಾಗಿ ಆಡಿದವನಿಗೆ ಅಂಪೈರುಗಳೇ ಮತ ಹಾಕಿ ಕೊಡುವ ಬ್ರೌನ್‌ಲೋ ಪದಕ ಅವರಿಗೆ ಎರಡು ಸಲ, 2003 ಮತ್ತು 2006ರಲ್ಲಿ, ಬಂತು.

2013ರ ಮೇ 24. ಮೆಲ್ಬರ್ನ್ ಮೈದಾನದಲ್ಲಿ ಪ್ರೇಕ್ಷಕರ ಸಾಲಿನಿಂದ 13 ವರ್ಷದ ಹುಡುಗಿಯೊಬ್ಬಳು ಅವರನ್ನು 'ವಾನರ' ಎಂದು ಕೂಗಿದಳು. ಕಪಿಯನ್ನು ಪೂಜಿಸುವ ನಮಗೆ ಇದೇನು ಮಹಾ ಬೈಗುಳ ಎನಿಸಬಹುದು. (2008ರ ಸಿಡ್ನಿ ಟೆಸ್ಟ್‌ನಲ್ಲಿ, ನಮ್ಮ ಕುಂಬ್ಳೆ ನಾಯಕರಾಗಿದ್ದಾಗ, ಹರ್ಭಜನ್ ಮೇಲೆ ಬಂದ ಆರೋಪವೂ ಇಂಥದೇ ಪದದ್ದು.) ಆದರೆ ಮೂಲನಿವಾಸಿಗಳನ್ನು ಪೂರ್ತಿ ಮನುಷ್ಯರೆಂದೇ ಎಣಿಸದಿದ್ದ ನಾಡಿನಲ್ಲಿ ಆ ಪದದ ಇರಿತವೇ ಬೇರೆ. ಗುಡ್ಸ್ ಬೆರಳು ತೋರಿಸಿದರು. ಕಾವಲಿನವರು ಹುಡುಗಿಯನ್ನು ಹೊರಗೆ ಕರೆದೊಯ್ದರು. ಮರುದಿನ ಗುಡ್ಸ್ ಹೇಳಿದ್ದು, ತಪ್ಪು ಆ ಹುಡುಗಿಯದಲ್ಲ, ಅವಳಿಗೆ ಬೆಂಬಲ ಬೇಕು ಎಂದು.

2014ರಲ್ಲಿ ಅವರನ್ನು 'ವರ್ಷದ ಆಸ್ಟ್ರೇಲಿಯನ್' ಎಂದು ಗೌರವಿಸಲಾಯಿತು. ವರ್ಣಭೇದದ ಬಗ್ಗೆ ಅವರು ಮಾತಾಡಿದಷ್ಟೂ ಎದುರಾಳಿ ತಂಡಗಳ ಅಭಿಮಾನಿಗಳ 'ಬೂ' ಎಂಬ ಧಿಕ್ಕಾರ ಜೋರಾಯಿತು. 2015ರ ಮೇ ತಿಂಗಳಲ್ಲಿ, ಮೂಲನಿವಾಸಿಗಳ ಗೌರವಾರ್ಥ ನಡೆದ ಸುತ್ತಿನಲ್ಲೇ, ಗೋಲು ಹೊಡೆದು ಈಟಿ ಎಸೆಯುವಂತೆ ಯುದ್ಧನೃತ್ಯ ಮಾಡಿದರು. ಕೈಯಲ್ಲಿ ಈಟಿ ಇರಲಿಲ್ಲ. ಆದರೂ ಗದ್ದಲವೋ ಗದ್ದಲ. ಬೇಕೆಂದೇ ಬಿದ್ದು ಅಂಪೈರ್‌ಗಳನ್ನು ವಂಚಿಸುತ್ತಾನೆ, ಅದಕ್ಕೇ ಕೂಗುತ್ತೇವೆ ಎಂದು ಅನೇಕರು ಸಮಜಾಯಿಷಿ ಕೊಟ್ಟರು. ಎರಡು ಸಲ ಆ ಪದಕ ಕೊಟ್ಟವರು ಅಂಪೈರುಗಳೇ ಅಲ್ಲವೇ?

ಜುಲೈ ಕೊನೆಗೆ ಅವರು ಆಟದಿಂದ ರಜೆ ಪಡೆದರು. ಮರಳಿ ಬಂದರೂ ಸೆಪ್ಟೆಂಬರಿನಲ್ಲಿ ತಂಡ ಸೋತ ದಿನವೇ ನಿವೃತ್ತರಾದರು. ನಿವೃತ್ತ ಆಟಗಾರರನ್ನು ಫೈನಲ್ ದಿನ ಮೈದಾನದ ಸುತ್ತ ಮೆರವಣಿಗೆ ಮಾಡುವುದು ಅಲ್ಲಿಯ ವಾಡಿಕೆ. ಗುಡ್ಸ್ ಅದಕ್ಕೆ ಹೋಗಲಿಲ್ಲ.

2019ರಲ್ಲಿ ಅವರ ಕುರಿತು ಎರಡು ಸಾಕ್ಷ್ಯಚಿತ್ರಗಳು ಬಂದವು. ಅದೇ ವರ್ಷ ಲೀಗ್ ಮತ್ತು 18 ಕ್ಲಬ್‌ಗಳು, ಆಗ ಸಾಕಷ್ಟು ಮಾಡಲಿಲ್ಲವೆಂದು ಕ್ಷಮೆ ಕೇಳಿದವು. 2021ರಲ್ಲಿ ಆಟದ ಅತ್ಯುನ್ನತ ಗೌರವವಾದ 'ಹಾಲ್ ಆಫ್ ಫೇಮ್' ಪಟ್ಟಿಗೆ ಸೇರಿಸಿಕೊಳ್ಳಲು ಮುಂದಾದಾಗ, ಗುಡ್ಸ್ ಬೇಡವೆಂದರು.