‘ಕರಗುವುದು’ ಎಂದರೇನು?

ಬೆಣ್ಣೆ ಕರಗಿತು ಎನ್ನುತ್ತೇವೆ. ಸಕ್ಕರೆ ನೀರಿನಲ್ಲಿ ಕರಗಿತು ಎನ್ನುತ್ತೇವೆ. ದೇವರ ಮನೆಯ ಡಬ್ಬಿಯಲ್ಲಿದ್ದ ಕರ್ಪೂರವೂ ಕರಗಿಹೋಯಿತು ಎನ್ನುತ್ತೇವೆ. ಮಾತು ಒಂದೇ, ಆದರೆ ನಡೆದ ಕ್ರಿಯೆಗಳು ಮೂರು. ಮನೆಯಲ್ಲಿ ಇದರಿಂದ ತೊಂದರೆಯೇನಿಲ್ಲ. ವಿಜ್ಞಾನದ ಪರೀಕ್ಷೆಯಲ್ಲಿ ಮಾತ್ರ ಇದೇ ಅಭ್ಯಾಸದಿಂದ ‘ಸಕ್ಕರೆ ನೀರಿನಲ್ಲಿ ಮೆಲ್ಟ್ ಆಗುತ್ತದೆ’ ಎಂದು ಬರೆದರೆ ಅಂಕ ಹೋಗುತ್ತದೆ. ಆದ್ದರಿಂದ, ಭಾಷೆ ಕಲಿಸುವವರಾದ ನಾವು ಈ ಪದವನ್ನು ಸ್ವಲ್ಪ ಬಿಡಿಸಿ ನೋಡೋಣ.

ಘನ ವಸ್ತು ಶಾಖದಿಂದ ದ್ರವವಾಗುವುದು ದ್ರವನ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹೀಗೆ ದ್ರವವಾಗುತ್ತದೆ. ಊರಿನಲ್ಲಿ ಅದು ಚಳಿಗಾಲದಲ್ಲಿ ಗಟ್ಟಿಯಾಗುತ್ತದೆ. ಗಲ್ಫ್‌ನಲ್ಲಿರುವ ನಮ್ಮ ಮನೆಗಳಲ್ಲಿ ಏಸಿಯನ್ನು 20ಕ್ಕೆ ಇಟ್ಟರೆ ಜುಲೈನಲ್ಲೂ ಗಟ್ಟಿಯಾದೀತು! ಸಕ್ಕರೆಯ ವಿಷಯ ಬೇರೆ. ಅದರ ಅಣುಗಳು ನೀರಿನ ಅಣುಗಳ ನಡುವೆ ಹರಡಿಕೊಳ್ಳುತ್ತವೆ. ಇದು ವಿಲೀನ. ನೀರು ಆವಿಯಾದರೆ ಸಕ್ಕರೆ ಉಳಿಯುತ್ತದೆ.

ಕರ್ಪೂರ ಎಲ್ಲಕ್ಕಿಂತ ಸ್ವಾರಸ್ಯಕರ. ಅದು ದ್ರವವಾಗಲು ಸುಮಾರು 175 ಡಿಗ್ರಿ ಬೇಕು. ನಮ್ಮ ಬೇಸಿಗೆ ಎಷ್ಟೇ ಕಠಿಣವೆಂದರೂ 50ರ ಆಸುಪಾಸು. ಆದರೂ ಬಿಲ್ಲೆ ದಿನದಿಂದ ದಿನಕ್ಕೆ ಸಣ್ಣದಾಗುತ್ತದೆ, ಡಬ್ಬಿಯಲ್ಲಿ ಒಂದು ಹನಿಯೂ ಕಾಣುವುದಿಲ್ಲ. ಘನವು ದ್ರವವಾಗದೆ ನೇರವಾಗಿ ಅನಿಲವಾಗುವ ಇದಕ್ಕೆ ಉತ್ಪತನ ಎಂದು ಹೆಸರು. ಡಬ್ಬಿ ತೆರೆದಾಗ ಮೂಗಿಗೆ ಬರುವ ಪರಿಮಳವೇ ಆ ಅನಿಲ. ಡಬ್ಬಿಗೆ ನಾಲ್ಕು ಕಾಳುಮೆಣಸು ಹಾಕುವ ರೂಢಿ ನಮ್ಮಲ್ಲಿದೆ. ನಮ್ಮ ಅಭಿಪ್ರಾಯದಲ್ಲಿ ಹೆಚ್ಚು ಕೆಲಸ ಮಾಡುವುದು ಬಿಗಿಯಾದ ಮುಚ್ಚಳ.

ಈ ಮೂರೂ ಭೌತ ಬದಲಾವಣೆಗಳು. ಸ್ಥಿತಿ ಬದಲಾಯಿತು ಅಥವಾ ಬೆರೆಯಿತು, ವಸ್ತು ಅದೇ ಉಳಿಯಿತು. ಆದರೆ ಅದೇ ಕರ್ಪೂರವನ್ನು ಆರತಿ ತಟ್ಟೆಯಲ್ಲಿ ಹಚ್ಚಿದಾಗ? ಅದರ ಅಣುವಿನಲ್ಲಿರುವ 10 ಇಂಗಾಲ, 16 ಜಲಜನಕ, 1 ಆಮ್ಲಜನಕ ಪರಮಾಣುಗಳು ಬೇರೆಯಾಗಿ, ಗಾಳಿಯ ಆಮ್ಲಜನಕದೊಂದಿಗೆ ಸೇರಿ ಇಂಗಾಲದ ಡೈಆಕ್ಸೈಡ್ ಮತ್ತು ನೀರಾವಿ ಆಗುತ್ತವೆ. ಪೂರ್ತಿ ಉರಿಯದ ಇಂಗಾಲವೇ ತಟ್ಟೆಗೆ ಹಿಡಿಯುವ ಕಪ್ಪು ಮಸಿ. ಅದನ್ನು ಕೆರೆದು ಕರ್ಪೂರ ಮಾಡಲಾಗದು. ಹೊಸ ವಸ್ತು ಹುಟ್ಟಿದ್ದರಿಂದ ಇದು ರಾಸಾಯನಿಕ ಬದಲಾವಣೆ. ಸಕ್ಕರೆಯನ್ನು ಬಾಣಲೆಯಲ್ಲಿ ಕಂದು ಬಣ್ಣಕ್ಕೆ ಬರುವವರೆಗೆ ಕಾಯಿಸಿದರೂ ಹಾಗೆಯೇ.

ಪೋಷಕರಿಗೆ ಒಂದು ಮಾತು. ಆರತಿಯ ಕರ್ಪೂರ ನೋಡಲು ಕಲ್ಲುಸಕ್ಕರೆಯಂತಿರುತ್ತದೆ, ಆದರೆ ವಿಷ. ಪುಟ್ಟ ಮಗು ಸ್ವಲ್ಪ ನುಂಗಿದರೂ ಬೇಗನೆ ಫಿಟ್ಸ್ ಬರಬಹುದು. ವಾಂತಿ ಮಾಡಿಸಲು ಹೋಗದೆ ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಇದರ ಆವಿಗೂ ಬೆಂಕಿ ತಗಲುತ್ತದೆ. ಡಬ್ಬಿಯನ್ನು ಒಲೆಯಿಂದ ದೂರ, ಮಕ್ಕಳ ಕೈಗೆ ಎಟುಕದ ಕಡೆ ಇಡಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ.